ಮೇಷ್ಟ್ರ ಗಂಟುಮುಖ ತೆಗೆಸಿದ್ದು

ಕಪ್ಪು-ಬಿಳುಪು ಫೋಟೋದಲ್ಲಿ ಸೆರೆಸಿಕ್ಕ ಮುಖಭಾವ ಮತ್ತೆ ಆ ಮುಖಕ್ಕೆ ಮರಳುವುದಿಲ್ಲವೆಂದು ದಾವಣಗೆರೆಯ ಮಕ್ಕಳಿಗೂ ಗೊತ್ತು. ಮಗಳನ್ನು ನೋಡಲು ಗಂಡಿನವರು ಬರುವುದರೊಳಗೆ ಗಂಡನ ಗಂಟುಮುಖ ತೆಗೆಸಿಬಿಡೋಣವೆಂದು ಹಾಲಮ್ಮ, ಸಿದ್ಲಿಂಗಪ್ಪ ಮೇಷ್ಟ್ರನ್ನು ಕೊಟ್ರೇಶಿಯ ಸ್ಟುಡಿಯೋಗೆ ಕರೆತಂದಿದ್ದರು.

ಬೇಕೆಂದೇ ಮಾಡಿದ ಮುಖ ಫೋಟೋಕ್ಕೆ ಅಂಟುವುದಿಲ್ಲ, ಮೈಮರೆತಾಗಲೇ ಹಿಡಿಯಬೇಕು. ಮೇಷ್ಟ್ರೋ, ಕ್ಯಾಮೆರಾ ಕಂಡದ್ದೇ ಮದುಮಗನ ಹಾಗೆ ನಗುತ್ತ ಕೂತರು.

"ಅಮ್ಮಾರೆ, ಏನಾರ ಮಾತಾಡ್ಸ್ರಿ," ಎಂದು ಕೊಟ್ರೇಶಿ ಪಿಸುಗುಟ್ಟಿದ.

"ರೀ, ನಿಮ್ಮ ಹಳೇ ಕೊಡೆ ಗುಜರಿಗೆ ಹಾಕ್ದೆ," ಎಂದರು ಹಾಲಮ್ಮ.

ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಪಕ್ಕದಲ್ಲೇ ಹಾಲಮ್ಮನ ಎಂದಿನ ತಾಳ್ಮೆಯ ಮುಖ. ಕಿಟಕಿಯ ಬೆಳಕು ಇಬ್ಬರ ಮೇಲೂ ಎಷ್ಟು ಚೆಂದ ಬಿದ್ದಿತ್ತೆಂದರೆ, ಕೊಟ್ರೇಶಿ ಆಸೆ ತಡೆಯಲಾರದೆ ಒಂದು ಹೆಜ್ಜೆ ಹಿಂದೆ ಸರಿದು ಇಬ್ಬರನ್ನೂ ಚೌಕಟ್ಟಿಗೆ ತಂದು ಕ್ಲಿಕ್ಕಿಸಿಬಿಟ್ಟ.

ಮೇಷ್ಟ್ರ ಹಣೆ ಸಡಿಲಾಯಿತು. "ಹೋಗ್ಲಿ ಬಿಡೇ, ಹಳೇ ಕೊಡೆ."

"ಏನ್ ಹೋಗ್ಲಿ ಬಿಡೋದು?" ಹಾಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಮದ್ವೆ ಆದಾಗಿಂದ ನಾನೇ ಬಿಟ್ಕೊಂಡ್ ಬಂದೀನಿ. ಈಗ ಕೂತ್ಕಂಡ್ ಕೇಳ್ರಿ!"

ಹಾಲಮ್ಮನ ತಾಳ್ಮೆಯನ್ನೂ ತೆಗೆದುಬಿಟ್ಟೆನೆಂದು ಹೊಳೆದು ಕೊಟ್ರೇಶಿ ಆ ಸಿಟ್ಟನ್ನೂ ತೆಗೆದುಬಿಡಲು ಗಡಿಬಿಡಿಯಿಂದ ಕ್ಯಾಮೆರಾ ಎತ್ತಿದ. ಮೇಷ್ಟ್ರು ಅದರ ಕಣ್ಣಿಗೆ ಅಂಗೈ ಅಡ್ಡ ಹಿಡಿದರು.

"ಬ್ಯಾಡಪ್ಪ. ಈ ಮುಖ ನಾನು ಇವತ್ತೇ ನೋಡ್ತಿರೋದು."