ಬೀಜ ತೊಳೆದ ನೀರು

“ಒಂದು ಹಿಡಿ ಕಪ್ಪು ಮಣ್ಣು ಕೊಟ್ಟು ಟೋಪಿ ಹಾಕಿದ್ರಿ ಕಣ್ರೀ!” ಎಂದು ಗಂಡ ರುದ್ರಯ್ಯ ಎದುರಿಗಿದ್ದ ಉಮಾಶಂಕರ್ ಮೇಲೆ ಕೂಗಾಡುತ್ತಿದ್ದಂತೆ, ಸಾವಂತ್ರಮ್ಮ ಬದುವಿನ ಮೇಲೆ ಹಸಿರಾಗಿ ನಿಂತಿದ್ದ ನಾಲ್ಕಾರು ರಾಗಿ ಪೈರು ಕಾಣದಂತೆ ಸೀರೆ ಅಡ್ಡ ಹಿಡಿದು ನಿಂತಳು.

ಬಿತ್ತನೆಗೆ ಮೊದಲು ಬಾಣಾವರದಿಂದ ಬಂದು ಆ ಮಣ್ಣಿನಂಥ ಪುಡಿಯ ಪೊಟ್ಟಣ ಕೊಟ್ಟವರು ಕೃಷಿ ಸಹಾಯಕರಾದ ಈ ಉಮಾಶಂಕರ್. ಅದರಲ್ಲಿರುವುದು ಕಣ್ಣಿಗೆ ಕಾಣದ ಜೀವಾಣು, ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಹಚ್ಚಿದರೆ ಬೇರಿಗಂಟಿಕೊಂಡು, ಮಳೆ ಕೈಕೊಟ್ಟರೂ ಪೈರನ್ನು ಕಾಯುತ್ತದೆ ಎಂದಿದ್ದರು. ರುದ್ರಯ್ಯ ಅವರು ಹೇಳಿದಂತೆಯೇ ಹಚ್ಚಿ ನೆರಳಲ್ಲಿ ಒಣಗಿಸಿದ್ದ. ಆದರೆ ಬಿತ್ತುವ ದಿನ ಬೆಲ್ಲದ ವಾಸನೆಗೆ ಬೀಜಕ್ಕೆಲ್ಲ ಇರುವೆ ಮುತ್ತಿದ್ದವು. ಇರುವೆ ಹತ್ತಿದ, ಮಸಿಯಂಥ ಬೀಜವನ್ನು ಭೂಮಿತಾಯಿಯ ಮಡಿಲಿಗೆ ಹೇಗೆ ಹಾಕುವುದು? ಗಂಡ ಆಚೆ ಎತ್ತು ಹೂಡುತ್ತಿದ್ದಾಗ ಅವಳು ಬೀಜವನ್ನು ಎರಡು ಸಲ ತೊಳೆದು, ಸೆರಗಿನಲ್ಲಿ ಆರಿಸಿ, ಕೂರಿಗೆಯ ಹಿಂದೆ ನಡೆಯುತ್ತ ತಾನೇ ಬಿತ್ತಿದ್ದಳು. ತೊಳೆದ ನೀರನ್ನು ಚೆಲ್ಲಿದ್ದು ಇದೇ ಬದುವಿಗೆ. ಆಮೇಲೆ ಮಳೆಯೇ ಬರಲಿಲ್ಲ. ಹೊಲವೆಲ್ಲ ಸುರುಟಿತು. ನೀರಿನೊಂದಿಗೆ ಜಾರಿ ಬಿದ್ದ ಕಾಳು ಮಾತ್ರ ತಲೆಯೆತ್ತಿ ನಿಂತಿತು.

“ತಪ್ಪು ನಂದೇ ಇರ್ಬೇಕು ರುದ್ರಯ್ಯನೋರೆ,” ಉಮಾಶಂಕರ್ ದನಿ ತಗ್ಗಿಸಿದರು. “ಪೊಟ್ಟಣ ಹಳೇದಿತ್ತೇನೋ. ಇನ್ಮೇಲೆ ಈ ಊರಲ್ಲಿ ಯಾರಿಗೂ ಕೊಡಲ್ಲ.”

ಸಾವಂತ್ರಮ್ಮ ಗಂಡನ ಮುಖ ನೋಡಿ ಪೈರಿಗೆ ಇನ್ನಷ್ಟು ಹತ್ತಿರ ಸರಿದಳು. “ಬರ್ತೀನಮ್ಮಾ,” ಎಂದು ಉಮಾಶಂಕರ್ ಅವಳ ಕಡೆ ತಿರುಗಿ ಕೈ ಮುಗಿದರು. ಅವಳಿಗೆ ಕೈ ಮುಗಿಯಲಾಗಲಿಲ್ಲ. ಎರಡೂ ಕೈಯಲ್ಲಿ ಸೀರೆಯನ್ನು ಅಗಲಿಸಿ ಹಿಡಿದಿದ್ದಳು.