ಅಕ್ಕ ತೋರಿಸಿದ ಹಳದಿ ಲೋಳೆ

ಬಸ್ಸು ಜವಳಗೇರಾ ದಾಟುವಾಗ ಕೊಳೆತ ನೆಲ್ಲುಹುಲ್ಲಿನ ವಾಸನೆ ಬಂದರೆ, ಚಿಕ್ಕಂದಿನಲ್ಲೇ ತೀರಿಹೋದ ನನ್ನ ಅಕ್ಕ ಇಂದಿಗೂ ನೆನಪಾಗುತ್ತಾಳೆ.

ಜ್ವರ ಬಂದು ಅವಳ ಕಾಲುಗಳು ಸೋತಿದ್ದವು. ಹಿಂದಿನ ದಿನ ಅವಳನ್ನು ರಾಯಚೂರಿನ ಡಾಕ್ಟರಿಗೆ ತೋರಿಸಿಕೊಂಡು ಬಂದ ಮೇಲೆ ಅಪ್ಪ ಊಟಕ್ಕೂ ಏಳದೆ ಗೋಡೆಗೆ ಮುಖಮಾಡಿ ಮಲಗಿದ್ದ. ಆ ದಿನ ಮುಂಜಾನೆಯಂತೆ ಮಧ್ಯಾಹ್ನವೂ ಅವ್ವ ಅಕ್ಕನನ್ನು ಹಿತ್ತಲಿನ ನೆಲ್ಲುಹುಲ್ಲಿನ ಬಣವಿಯ ನೆರಳಿಗೆ ತಂದು ಕೂಡಿಸಿದಳು. ಆಗಲೇ ಮುಂಗುಸಿಯೊಂದು ಓತಿಕೇತವನ್ನು ಕಚ್ಚಿಕೊಂಡು ಕಾಲುವೆಯ ಕಡೆ ಓಡಿತು.

ಬಣವಿಯ ಬುಡದ ಹಸಿ ಹುಲ್ಲಿನ ಮೇಲೆ ಮೊಸರಿನ ಕೆನೆಯಂಥ ಹಳದಿ ಲೋಳೆ ಹಬ್ಬಿತ್ತು. ಕೊಳೆತ ಹುಲ್ಲಲ್ಲಿ ಆಹಾರ ಹುಡುಕುತ್ತ ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ ತೆವಳುವ ಜೀವ ಅದು. ಮುಂಜಾನೆ ಅಕ್ಕ ಅದರ ಅಂಚಿಗೆ ನನ್ನಿಂದ ಒಂದು ಕಡ್ಡಿ ಚುಚ್ಚಿಸಿದ್ದಳು. ಈಗ ಲೋಳೆ ಕಡ್ಡಿಯ ಆಚೆಗಿತ್ತು.

“ಎರಡೂ ಹೊಟ್ಟಿಗೆ ಹುಡುಕ್ಕೊಂತ ಹೊಂಟಾವ,” ಎಂದಳು ಅಕ್ಕ. “ಮುಂಗುಸಿಗೆ ನಾಕು ಕಾಲದಾವ. ಇದಕ ಒಂದೂ ಇಲ್ಲ. ಆದ್ರೂ ಕಡ್ಡಿ ದಾಟಿ ಹೋಗ್ಯದ, ನೋಡು.”

“ಹಂಗಾದ್ರ ನೀನೂ ನಡೀತಿಯೇನಕ್ಕಾ?”

“ಯಾಕ ನಡಿಯಂಗಿಲ್ಲ? ಸಾವಕಾಶ ನಡೀತೀನಿ.”

ಅರಿವೆ ಒಣಹಾಕುತ್ತಿದ್ದ ಅವ್ವ ಕೈಯಲ್ಲಿದ್ದ ಸೀರೆಯನ್ನು ಹಿಂಡದೆಯೇ ಹಗ್ಗದ ಮೇಲೆ ಬಿಟ್ಟಳು. ಆಮೇಲೆ ಬಂದು ಅಕ್ಕನ ಕೂದಲು ಸರಿಮಾಡಿದಳು.

“ಹೌದು ನನ್ನವ್ವಾ, ಸಾವಕಾಶ ನಡಿ. ಅವಸರ ಏನದ?”

ಬಿಸಿಲು ಅಲ್ಲಿಗೂ ಬಂದಾಗ ಅವ್ವ ಅವಳನ್ನು ಎತ್ತಿಕೊಂಡು ಒಳಗೆ ನಡೆದಳು. ನನಗಿಂತ ದೊಡ್ಡವಳಾದ ಅಕ್ಕನನ್ನು ಎತ್ತಲು ಅವ್ವನಿಗೆ ಒಂದೇ ಕೈ ಸಾಕಾಯಿತು.