ಬಸ್ಸಿನೊಳಗಿನ ಪಂದ್ಯ

ಬಸ್ಸು ಹೆದ್ದಾರಿ ಹತ್ತಿ ಹತ್ತು ನಿಮಿಷವೂ ಆಗಿರಲಿಲ್ಲ, ಹಿಂದಿನ ಸೀಟಿನಿಂದ ಕ್ಯಾಪ್ಟನ್ ಕೂಗು ಹಾಕಿದ.

"ಲೋ ರೇಡಿಯೊ, ಶುರು ಹಚ್ಕೊಳ್ಳೋ! ಏಳು ಗಂಟೆ ದಾರಿ ಇದೆ. ಹಿಂಗೇ ಮುಖ ಮುಖ ನೋಡ್ಕೊಂಡು ಕೂತ್ರೆ ಊರು ಸೇರೋ ಹೊತ್ತಿಗೆ ಹುಚ್ಚು ಹಿಡಿಯುತ್ತೆ."

ರೇಡಿಯೊ ಎಂದರೆ ಕಾಗದ ಕಾರ್ಖಾನೆಯ ವಾಲಿಬಾಲ್ ತಂಡದ ಹನ್ನೆರಡನೇ ನಂಬರಿನವನು. ನಾಲ್ಕು ವರ್ಷದಲ್ಲಿ, ಪಂದ್ಯ ನಡೆಯುವಾಗ ಅವನು ಅಂಕಣಕ್ಕೆ ಇಳಿದದ್ದು ಎರಡೇ ಸಲ. ಎರಡೂ ಸಲ ಕೈಯಲ್ಲಿ ಟವೆಲು ಇತ್ತು. ಯಾರದೋ ಬೆವರು ನೆಲಕ್ಕೆ ಬಿದ್ದಿತ್ತು, ಒರೆಸಿ ಬಂದ. ಆದರೆ ಬಸ್ಸು ಹತ್ತಿದರೆ ಅವನೇ ರಾಜ. ನೀರಿನ ಬಾಟಲಿಯ ತಲೆಗೆ ಮಂಡಿಪಟ್ಟಿ ತೊಡಿಸಿದರೆ ಅದು ಮೈಕು. ಎಡಗಡೆ ಕಿಟಕಿಗೂ ಬಲಗಡೆ ಕಿಟಕಿಗೂ ಪಂದ್ಯ, ವೀಕ್ಷಕ ವಿವರಣೆ ಅವನದು. ಕಿಟಕಿಯಲ್ಲಿ ಏನು ಕಂಡರೆ ಅದೇ ಆಟಗಾರ. ಯಾವ ಕಡೆ ಕೂತವರು ಆ ಕಡೆಯ ಅಭಿಮಾನಿಗಳು, ಜಗಳ ಬೇರೆ ಆಡುತ್ತಿದ್ದರು. ಕೊನೆಗೆ ಐದನೇ ಸೆಟ್ಟು, ಹದಿನಾಲ್ಕು–ಹದಿಮೂರು, ಎಲ್ಲರೂ ಉಸಿರು ಬಿಗಿಹಿಡಿದಾಗ ಹನ್ನೆರಡನೇ ನಂಬರಿನ ಆಟಗಾರ ಅಂಕಣಕ್ಕಿಳಿದು ಒಂದೇ ಸರ್ವಿಗೆ ಪಂದ್ಯ ಮುಗಿಸುತ್ತಿದ್ದ. ಯಾವ ತಂಡದ ಪರ ಅಂದರೆ, ಅವತ್ತು ಯಾರು ಅವನಿಗೆ ಬಿಸ್ಕತ್ತು ಕೊಟ್ಟಿದ್ದರೋ ಅವರ ಪರ.

ಇವತ್ತು ಬಸ್ಸು ಹತ್ತುವ ಮುಂಚೆ ಕೋಚ್ ಅವನನ್ನು ಪಕ್ಕಕ್ಕೆ ಕರೆದಿದ್ದರು. "ಮುಂದಿನ ತಿಂಗಳಿಂದ ಹೊಸಬನೊಬ್ಬ ಬರ್ತಿದ್ದಾನೆ ಕಣಯ್ಯಾ. ಟೀಮಿನ ಜೊತೆ ನಿಂದು ಇದೇ ಕಡೇ ಟ್ರಿಪ್ಪು. ವಾಪಸ್ ಬಂದ್ಮೇಲೆ ಎಲ್ರಿಗೂ ಹೇಳ್ತೀನಿ."

"ನಾಳೆಯ ಪಂದ್ಯದಲ್ಲಿ ಒಂದೇ ಒಂದು ಸರ್ವ್ ಸಿಗುತ್ತಾ ಸರ್?"

"ನೋಡೋಣ."

ನೋಡೋಣ ಎಂಬ ಮಾತಿನ ಅರ್ಥ ಬೆಂಚಿನ ಮೇಲೆ ಕೂತವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿಲ್ಲ. ರೇಡಿಯೊ ತಲೆಯಾಡಿಸಿ, ಚೀಲ ಎತ್ತಿಕೊಂಡು ಬಸ್ಸು ಹತ್ತಿದ್ದ. ಇವತ್ತು ಆಟವಾಡಿಸುವ ಮನಸ್ಸಿರಲಿಲ್ಲ. ಆದರೂ ಕರೆದಾಗ ಇಲ್ಲ ಅನ್ನುವ ಅಭ್ಯಾಸ ಅವನಿಗಿರಲಿಲ್ಲ. ಮೈಕು ಹಿಡಿದು ಎದ್ದು ನಿಂತ.

"ನಮಸ್ಕಾರ! ಎಡಗಡೆಯಿಂದ ನೀರಿನ ಟ್ಯಾಂಕು ಸರ್ವ್ ಮಾಡಿದೆ. ಬಲಗಡೆ ಸಿಮೆಂಟು ಲಾರಿ ಬಿದ್ದು ಎದ್ದು ಎತ್ತಿದೆ. ಓಹೋ, ಸ್ಕೂಟರಿನ ಮೇಲೊಬ್ಬರು ಅಮ್ಮ! ಅಮ್ಮ ಹೊಡೆದೇಬಿಟ್ರು! ಎಡಗಡೆ ಎಮ್ಮೆ ನೋಡ್ತಾ ನಿಂತಿದೆ. ಏನಮ್ಮಾ ಎಮ್ಮೆ, ನೀನೂ ನನ್ನ ಹಾಗೆ ರಿಸರ್ವಾ?"

ಬಸ್ಸೆಲ್ಲ ನಕ್ಕಿತು. ಎರಡೂವರೆ ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ನಡುವೆ ಚಹಾಕ್ಕೆ ನಿಲ್ಲಿಸಿದಾಗಲೂ ಸ್ಕೋರಿನ ಬಗ್ಗೆಯೇ ವಾದ. ಐದನೇ ಸೆಟ್ಟು ಬಂತು. ಹದಿನಾಲ್ಕು–ಹದಿಮೂರು, ಬಲಗಡೆಯ ಸರ್ವ್. ಬಿಸ್ಕತ್ತು ಕೊಟ್ಟಿದ್ದ ಬಲಗಡೆಯವರು ಸೀಟಿನ ಬೆನ್ನು ತಟ್ಟತೊಡಗಿದರು. "ಹನ್ನೆರಡು! ಹನ್ನೆರಡು!"

"ಹನ್ನೆರಡನೇ ನಂಬರಿನ ಆಟಗಾರ ಬೆಂಚಿನ ಮೇಲೇ ಕೂತಿದ್ದಾನೆ," ಎಂದ ರೇಡಿಯೊ.

"ಇಳಿಸೋ ಅವನನ್ನ!"

"ಕೋಚ್ ಕರೆದಿಲ್ಲ."

"ಆಟ ನಿಂದು, ಮೈಕು ನಿಂದು, ಕೋಚ್ ಯಾಕೋ ಕರೀಬೇಕು?" ಕ್ಯಾಪ್ಟನ್ ನಗುತ್ತಲೇ ಕೇಳಿದ.

"ನಾಲ್ಕು ವರ್ಷ ನಾನಾಗೇ ಇಳ್ಕೊಂಡೆ. ಕರೆಯದೇ ಊಟಕ್ಕೆ ಹೋದ ಹಾಗೆ. ಇವತ್ತೊಂದಿನ ಕರೆದ್ರೆ ಹೋಗೋಣ ಅಂತ."

ಅವನೂ ನಗುತ್ತಲೇ ಹೇಳಿದ್ದ. ಆದರೆ ದನಿ ಕೊನೆಯಲ್ಲಿ ಒಡೆಯಿತು. ಕ್ಯಾಪ್ಟನ್ನನ ನಗು ಅಲ್ಲೇ ನಿಂತಿತು. ಅವನು ರೇಡಿಯೊನ ಮುಖ ನೋಡಿದ, ಆಮೇಲೆ ಮುಂದಿನ ಸೀಟು ನೋಡಿದ. ಒಬ್ಬರ ಹಿಂದೊಬ್ಬರು ಎಲ್ಲರೂ ಅತ್ತಲೇ ನೋಡಿದರು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೋಚ್ ಮುಖದ ಮೇಲೆ ಟವೆಲು ಹಾಕಿಕೊಂಡು ಒರಗಿದ್ದರು. ಪ್ರತಿ ಪ್ರಯಾಣದಲ್ಲೂ ಅವರು ಹಾಗೇ ನಿದ್ದೆ ಮಾಡುತ್ತಿದ್ದರು. ಮಾಡುತ್ತಿದ್ದರು ಎಂದು ಇವರೆಲ್ಲ ನಂಬಿದ್ದರು.

ಟವೆಲು ಅಲುಗಲಿಲ್ಲ. ಕೈಗಳೆರಡು ಮಾತ್ರ ನಿಧಾನಕ್ಕೆ ಮೇಲೆದ್ದವು. ಒಂದು ಮುಂಗೈ ಇನ್ನೊಂದರ ಸುತ್ತ ಗಿರಗಿರನೆ ತಿರುಗಿತು. ಆಟಗಾರನನ್ನು ಬದಲಿಸಿ ಎಂದು ರೆಫರಿಗೆ ಕೋಚ್ ತೋರಿಸುವ ಸನ್ನೆ ಅದು. ಹುಡುಗರ ಕೂಗಿಗೆ ಡ್ರೈವರ್ ಬೆಚ್ಚಿ ಬ್ರೇಕು ತುಳಿದ.

ರೇಡಿಯೊ ಬಾಟಲಿ ಬಾಯಿಗೆ ಹಿಡಿದ. "ಹನ್ನೆರಡನೇ ನಂಬರಿನ ಆಟಗಾರ ಗೆರೆಯ ಹಿಂದೆ ಬಂದು ನಿಂತಿದ್ದಾನೆ. ಚೆಂಡನ್ನು ಮೇಲಕ್ಕೆ ಎಸೆದಿದ್ದಾನೆ. ಚೆಂಡು..." ಅಲ್ಲಿಗೆ ನಿಲ್ಲಿಸಿದ. ಬಸ್ಸೆಲ್ಲ ಕಾದು ಕೂತಿತು. ಅವನು ಮೈಕು ಕೆಳಗಿಳಿಸಿ, ತನ್ನದೇ ದನಿಯಲ್ಲಿ ಕೇಳಿದ.

"ಸರ್, ಈಗ ಕರೆದದ್ದು ಬಸ್ಸಿನ ಪಂದ್ಯಕ್ಕೋ, ನಾಳೆಯ ಪಂದ್ಯಕ್ಕೋ?"

ಕೋಚ್ ಟವೆಲು ತೆಗೆದರು. ಹಿಂತಿರುಗಿ ನೋಡಲಿಲ್ಲ.

"ಗಂಟಲಿನ ಕೆಲಸ ಸಾಕು ಮಾಡಯ್ಯಾ," ಎಂದರು. "ಭುಜಕ್ಕೆ ಸ್ವಲ್ಪ ಎಣ್ಣೆ ಹಚ್ಕೋ."

ರೇಡಿಯೊ ಕೂತ. ಬಾಟಲಿಯ ತಲೆಯಿಂದ ಮಂಡಿಪಟ್ಟಿ ಕಳಚಿ, ಮಂಡಿಗೆ ಏರಿಸಿ ಹೊಂದಿಸಿಕೊಂಡ. ಕ್ಯಾಪ್ಟನ್ ತನ್ನ ಚೀಲದಿಂದ ಎಣ್ಣೆಯ ಶೀಶೆ ತೆಗೆದು, ಅವನ ಬಲಭುಜ ತಿಕ್ಕತೊಡಗಿದ. ಉಳಿದ ನಾಲ್ಕು ಗಂಟೆ ಯಾರೂ ಹೆಚ್ಚು ಮಾತಾಡಲಿಲ್ಲ, ಯಾರೂ ಕಿಟಕಿ ನೋಡಲಿಲ್ಲ. ಆದರೂ ಅಷ್ಟು ಬೇಗ ದಾರಿ ಸವೆದದ್ದು ಅದೇ ಮೊದಲು.